ಶೇಕಡಾವಾರು ಭರವಸೆ: ಒಂದು ಕಾಲೇಜು ಪ್ರವೇಶ ಸಾಧ್ಯತಾ ವರದಿಯ ವಿಮರ್ಶೆ

ಅಮೆರಿಕದ ಹೈಸ್ಕೂಲಿನಲ್ಲಿ ಹನ್ನೊಂದನೆಯ ತರಗತಿ ಮುಗಿಸುತ್ತಿರುವ ಮಕ್ಕಳಿಗೆ, ಈ ಅಂಕಗಳಿಗೆ ಮತ್ತು ಈ ಚಟುವಟಿಕೆಗಳಿಗೆ ಯಾವ ಕಾಲೇಜು ಸಿಕ್ಕೀತು ಎಂದು ಅಂದಾಜು ಮಾಡಿಕೊಡುವ ಸೇವೆಗಳು ಈಗ ಹೇರಳವಾಗಿವೆ. ಒಂದು ತುದಿಯಲ್ಲಿ ಅಂತರ್ಜಾಲದ ಉಚಿತ ಲೆಕ್ಕಾಚಾರಗಳಿದ್ದರೆ, ಇನ್ನೊಂದು ತುದಿಯಲ್ಲಿ ಸಾವಿರಾರು ಡಾಲರ್ ಶುಲ್ಕದ, ವರ್ಷವಿಡೀ ನಡೆಯುವ ಸಲಹಾ ಒಪ್ಪಂದಗಳಿವೆ. ನಾವು ಮಗಳಿಗಾಗಿ ಆರಿಸಿಕೊಂಡದ್ದು ಇವೆರಡರ ನಡುವಿನದು: 350 ಡಾಲರ್‌ಗೆ ಒಂದು ಲಿಖಿತ ವರದಿ, ಅದರ ಜೊತೆಗೆ ಸಲಹೆಗಾರರೊಡನೆ ಒಂದು ಗಂಟೆಯ ವಿಡಿಯೊ ಮಾತುಕತೆ. ಈ ವರ್ಗದ ಸೇವೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ತಯಾರಾಗಿರುವುದರಿಂದ ಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಜಾಹೀರಾತಿನಲ್ಲಿ ದೊಡ್ಡದಾಗಿ ತೋರಿಸುವ ಭಾಗ, ಅಂದರೆ ಅತಿ ಕಠಿಣ ಪ್ರವೇಶದ ಕಾಲೇಜುಗಳ ಬಗೆಗಿನ ಶೇಕಡಾವಾರು ಅಂಕಿ, ನಂಬಲು ಯೋಗ್ಯವಾದುದಲ್ಲ. ಜಾಹೀರಾತಿನಲ್ಲಿ ಹೆಸರೇ ಇಲ್ಲದ ಭಾಗ, ಅಂದರೆ ಪಟ್ಟಿಯ ನಡುವಿನ ಹಾಗೂ ಕೆಳಗಿನ ಕಾಲೇಜುಗಳ ವಿಂಗಡಣೆ, ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತದೆ.

ಸೇವೆ ಆರಂಭವಾಗುವುದು ಒಂದು ದೀರ್ಘ ಅರ್ಜಿ ನಮೂನೆಯಿಂದ. ವೇಯ್ಟೆಡ್ (ಕಠಿಣ ವಿಷಯಗಳಿಗೆ ಹೆಚ್ಚು ತೂಕ ಕೊಟ್ಟ) ಮತ್ತು ಅನ್‌ವೇಯ್ಟೆಡ್ ಜಿಪಿಎ (ಶಾಲಾ ಅಂಕಗಳ ಸರಾಸರಿ), ತೆಗೆದುಕೊಂಡ ಎಪಿ ವಿಷಯಗಳು (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠಗಳು), ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ, ವಾಸದ ರಾಜ್ಯ, ಓದಬಯಸುವ ವಿಷಯ, ಹತ್ತು ಚಟುವಟಿಕೆಗಳು, ಪ್ರಶಸ್ತಿಗಳು, ತಂದೆ ತಾಯಿ ಓದಿದ ಕಾಲೇಜು, ಆರ್ಥಿಕ ನೆರವಿನ ಅಗತ್ಯ, ಹೀಗೆ ಎಲ್ಲವನ್ನೂ ಕೇಳುತ್ತಾರೆ. ನಮೂನೆ ಅಚ್ಚುಕಟ್ಟಾಗಿದೆ, ಮನೆಯವರೆಲ್ಲ ಕುಳಿತು ಭರ್ತಿ ಮಾಡಿದರೆ ಅದುವರೆಗೆ ಯಾರೂ ಎತ್ತದಿದ್ದ ಕೆಲವು ಮಾತುಗಳು ಅಲ್ಲೇ ಇತ್ಯರ್ಥವಾಗುತ್ತವೆ. ಆದರೆ ಅತ್ಯಂತ ಮುಖ್ಯವಾದ ಒಂದು ಕಾಗದವನ್ನು ಅದು ಕೇಳುವುದೇ ಇಲ್ಲ. ಬಹುತೇಕ ಪ್ರತಿ ಹೈಸ್ಕೂಲೂ ವಿದ್ಯಾರ್ಥಿಯ ಅಂಕಪಟ್ಟಿಯ ಜೊತೆಗೆ ಕಾಲೇಜುಗಳಿಗೆ ಸ್ಕೂಲ್ ಪ್ರೊಫೈಲ್ ಎಂಬ ಪರಿಚಯ ಪತ್ರವನ್ನು ಕಳಿಸುತ್ತದೆ. ಆ ಶಾಲೆಯಲ್ಲಿ ಎಷ್ಟು ಎಪಿ ವಿಷಯಗಳಿವೆ, ಜಿಪಿಎಯನ್ನು ಹೇಗೆ ಲೆಕ್ಕ ಹಾಕುತ್ತಾರೆ, ಹಿಂದಿನ ತಂಡಗಳ ಸಾಧನೆ ಏನು ಎಂಬುದು ಅದರಲ್ಲಿರುತ್ತದೆ. ಇದಲ್ಲದೆ, ಸಹಪಾಠಿಗಳಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆಯ್ದುಕೊಂಡ ಪಾಠಕ್ರಮ ಎಷ್ಟು ಕಠಿಣ ಎಂಬುದನ್ನು ಶಾಲೆಯ ಕೌನ್ಸೆಲರ್ ತಮ್ಮ ವರದಿಯಲ್ಲಿ ಗುರುತು ಮಾಡುತ್ತಾರೆ. ಆರೇ ಎಪಿ ವಿಷಯಗಳಿರುವ ಶಾಲೆಯಲ್ಲಿ ಆರನ್ನೂ ಓದಿದ ಹುಡುಗಿ, ಇಪ್ಪತ್ತನಾಲ್ಕು ಇರುವ ಶಾಲೆಯಲ್ಲಿ ಆರನ್ನು ಮಾತ್ರ ಓದಿದ ಹುಡುಗ, ಇವರಿಬ್ಬರೂ ಅರ್ಜಿ ಓದುವವರ ಕಣ್ಣಿಗೆ ಒಂದೇ ಅಲ್ಲ. ಈ ಸೇವೆಯ ಲೆಕ್ಕಕ್ಕೆ ಮಾತ್ರ ಇಬ್ಬರೂ ಒಂದೇ.

ವರದಿ ಕೈಸೇರಿದಾಗ ಮೊದಲು ಕಣ್ಣಿಗೆ ಬೀಳುವುದು ಒಂದು ಕೋಷ್ಟಕ. ಎಡಗಡೆ ಕಾಲೇಜಿನ ಹೆಸರು, ಬಲಗಡೆ ದಶಮಾಂಶ ಸಹಿತವಾದ ಶೇಕಡಾ ಅಂಕಿ. ಒಂದು ಕಾಲೇಜಿಗೆ 6.8, ಇನ್ನೊಂದಕ್ಕೆ 7.4. ಈ ದಶಮಾಂಶವೇ ಅನುಮಾನಕ್ಕೆ ಮೊದಲ ಕಾರಣವಾಗಬೇಕು. 2024ರ ಶರತ್ಕಾಲದಲ್ಲಿ ತರಗತಿ ಸೇರಿದ ತಂಡಕ್ಕಾಗಿ ಹಾರ್ವರ್ಡ್‌ಗೆ 54,008 ಅರ್ಜಿಗಳು ಬಂದಿದ್ದವು. ಪ್ರವೇಶ ದೊರೆತದ್ದು 1,937 ಮಂದಿಗೆ. ನೂರಕ್ಕೆ ನಾಲ್ವರೂ ಇಲ್ಲ. ತಿರಸ್ಕೃತರಾದ ಐವತ್ತೆರಡು ಸಾವಿರ ಮಂದಿಯಲ್ಲಿ ಪೂರ್ಣ ಜಿಪಿಎ ಮತ್ತು ಪೂರ್ಣಕ್ಕೆ ಹತ್ತಿರದ ಪರೀಕ್ಷಾಂಕ ಇದ್ದವರು ಧಾರಾಳವಾಗಿ ಇರುತ್ತಾರೆ. ಅಂದರೆ ಅಂಕಗಳು ಬಾಗಿಲವರೆಗೆ ಕರೆದೊಯ್ಯುತ್ತವೆ, ಆಯ್ಕೆಯನ್ನು ಮಾಡುವುದು ಅಂಕಗಳ ಆಚೆಗಿನ ಸಂಗತಿಗಳು. ಆ ಸಂಗತಿಗಳು, ಎಂದರೆ ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಆ ವರ್ಷ ಕಾಲೇಜಿಗೆ ಬೇಕಾದ ಮಿಶ್ರಣ, ಇವು ಯಾವುವೂ ಲೆಕ್ಕ ಹಾಕಿದ ಯಂತ್ರದ ಮುಂದೆ ಇರಲಿಲ್ಲ. ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಪ್ರಕಾರ ಸೀಟು ಹಂಚುವ ಪದ್ಧತಿಯಲ್ಲಿ ಬೆಳೆದು ಬಂದ ನಮ್ಮಂಥವರಿಗೆ ಕಟ್‌ಆಫ್ ಎಂಬುದೊಂದು ಇರಲೇಬೇಕು ಅನ್ನಿಸುತ್ತದೆ. ಈ ಕೋಷ್ಟಕ ಮೀಟುವುದು ನಮ್ಮ ಆ ಅಭ್ಯಾಸದ ಎಳೆಯನ್ನೇ.

ಅಂಕಿ ಬಂದ ಬಗೆಯನ್ನು ವರದಿಯ ಕೊನೆಯ ಪುಟದಲ್ಲಿ ಸಣ್ಣಕ್ಷರಗಳಲ್ಲಿ ವಿವರಿಸಿದ್ದಾರೆ. ಕಾಲೇಜಿನ ಒಟ್ಟು ಪ್ರವೇಶ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು, ದಾಖಲಾದ ವಿದ್ಯಾರ್ಥಿಗಳ ಅಂಕಗಳ ನಡುವಿನ ಅರ್ಧ ಭಾಗಕ್ಕೆ (ಮೇಲಿನ ಕಾಲು ಮತ್ತು ಕೆಳಗಿನ ಕಾಲು ಬಿಟ್ಟು ಉಳಿಯುವ ವ್ಯಾಪ್ತಿಗೆ) ಹೋಲಿಸಿ, ಅದರ ಮೇಲಿದ್ದರೆ ಏರಿಸಿ, ಕೆಳಗಿದ್ದರೆ ಇಳಿಸಿ, ಚಟುವಟಿಕೆಗಳನ್ನು ನಾಲ್ಕು ದರ್ಜೆಗಳಲ್ಲಿ ಅಳೆದು ಇನ್ನಷ್ಟು ತಿದ್ದುತ್ತಾರೆ. ಈ ವಿಧಾನ ಎಲ್ಲಿ ಎಡವುತ್ತದೆ ಎಂಬುದನ್ನು ಒಂದು ಸರಳ ಪರೀಕ್ಷೆಯಿಂದ ಕಾಣಬಹುದು. ವರದಿಯ ಜೊತೆ ಕೊಡುವ ಖಾತೆಯಲ್ಲಿ ಅಂಕಗಳನ್ನು ಬದಲಿಸಿ ನೋಡುವ ಸೌಲಭ್ಯವಿದೆ. ಎಸ್‌ಎಟಿ ಅಂಕವನ್ನು 1480ರಿಂದ 1560ಕ್ಕೆ ಏರಿಸಿದಾಗ ಯುಸಿ ಬರ್ಕ್ಲಿಯ ಸಾಧ್ಯತೆಯೂ ಮೇಲಕ್ಕೆ ಹೋಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ತನ್ನ ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ ಯಾವುದರಲ್ಲೂ ಪ್ರವೇಶ ನಿರ್ಣಯಕ್ಕೆ ಎಸ್‌ಎಟಿ, ಎಸಿಟಿ ಅಂಕಗಳನ್ನು ನೋಡುವುದೇ ಇಲ್ಲ, ಕಳಿಸಿದರೂ ಪರಿಗಣಿಸುವುದಿಲ್ಲ. ಇಲ್ಲದ ಸಂಬಂಧವೊಂದನ್ನು ಲೆಕ್ಕದೊಳಗೆ ಕೂರಿಸಿಕೊಂಡಿರುವ ಸಾಧನವು ಇರುವ ಸಂಬಂಧಗಳನ್ನು ಎಷ್ಟರಮಟ್ಟಿಗೆ ಹಿಡಿದಿದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಪರೀಕ್ಷಾಂಕದ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಸಾಕಷ್ಟು ಅದಲುಬದಲಾಗಿವೆ ಎಂಬುದೂ ನಿಜ. 2020ರಲ್ಲಿ ಸಾಂಕ್ರಾಮಿಕದ ಕಾರಣದಿಂದ ಬಹುತೇಕ ಕಾಲೇಜುಗಳು ಪರೀಕ್ಷೆಯನ್ನು ಐಚ್ಛಿಕಗೊಳಿಸಿದವು. ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್ ಮತ್ತು ಹಾರ್ವರ್ಡ್ ಅದೇ ದಾರಿ ಹಿಡಿದವು. ಯೇಲ್ ಮಾತ್ರ ಎಸ್‌ಎಟಿಯ ಬದಲು ಎಪಿ ಅಥವಾ ಐಬಿ (ಎಪಿಯಂಥದೇ ಅಂತರರಾಷ್ಟ್ರೀಯ ಪಠ್ಯಕ್ರಮ) ಅಂಕಗಳನ್ನೂ ಒಪ್ಪುವುದಾಗಿ ಆಗ ಹೇಳಿತು. ಐಚ್ಛಿಕವಾಗಿದ್ದ ಕಾಲದಲ್ಲಿ ಒಳ್ಳೆಯ ಅಂಕ ಬಂದವರೇ ಹೆಚ್ಚಾಗಿ ಅಂಕ ಕಳಿಸಿದ್ದರಿಂದ ಪ್ರಕಟವಾದ ವ್ಯಾಪ್ತಿಗಳು ಮೇಲಕ್ಕೆ ಉಬ್ಬಿಕೊಂಡವು. ಅಂಥ ವರ್ಷಗಳ ಅಂಕಿಗಳನ್ನು ಇಂದಿನ ವಿದ್ಯಾರ್ಥಿಯ ಮುಂದೆ ಅಳತೆಗೋಲಾಗಿ ಇಡುವಾಗ ಒಂದು ಎಚ್ಚರಿಕೆಯ ಸಾಲಾದರೂ ಇರಬೇಕಿತ್ತು. ವರದಿಯಲ್ಲಿ ಅದಿಲ್ಲ.

ಇದಕ್ಕಿಂತ ಗಂಭೀರವಾದ ದೋಷವೆಂದರೆ ಎಲ್ಲ ಅರ್ಜಿದಾರರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ ಎಂಬ ಭಾವನೆ. ಹಾರ್ವರ್ಡ್ ವಿರುದ್ಧ ನಡೆದ ಮೊಕದ್ದಮೆಯಲ್ಲಿ (ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ಜನಾಂಗಾಧಾರಿತ ಪ್ರವೇಶವನ್ನು ರದ್ದು ಮಾಡಿದ ಮೊಕದ್ದಮೆ ಅದೇ) ಸಾಮಾನ್ಯವಾಗಿ ಹೊರಬಾರದ ದಾಖಲೆಗಳು ಬೆಳಕಿಗೆ ಬಂದವು. ಕಾಲೇಜು ತಂಡಕ್ಕೆ ಆಯ್ಕೆಯಾದ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ದಾನಿಗಳೂ ಸೇರಿದಂತೆ ಡೀನ್ ಅವರ ಗಮನದ ಪಟ್ಟಿಯಲ್ಲಿರುವವರು, ಅಧ್ಯಾಪಕರ ಮತ್ತು ಸಿಬ್ಬಂದಿಯ ಮಕ್ಕಳು, ಈ ನಾಲ್ಕು ಗುಂಪುಗಳು ಸೇರಿ ಅರ್ಜಿದಾರರಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಇದ್ದರೂ ಪ್ರವೇಶ ಪಡೆದವರಲ್ಲಿ ಸುಮಾರು ಶೇಕಡಾ 30ರಷ್ಟಿದ್ದರು. ಆಯ್ಕೆಯಾದ ಕ್ರೀಡಾಪಟುಗಳ ಪ್ರವೇಶ ಪ್ರಮಾಣ ಶೇಕಡಾ 86. ಹೀಗಿರುವಾಗ ಒಟ್ಟು ಪ್ರಮಾಣವನ್ನು ಆಧಾರವಾಗಿ ಹಿಡಿದರೆ, ಈ ಯಾವ ಗುಂಪಿಗೂ ಸೇರದ ಮಗುವಿನ ಲೆಕ್ಕ ಮೊದಲ ಹೆಜ್ಜೆಯಲ್ಲೇ ಉಬ್ಬಿರುತ್ತದೆ. ಚೆಟ್ಟಿ, ಡೆಮಿಂಗ್ ಮತ್ತು ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ಪರೀಕ್ಷಾಂಕಗಳು ಸಮಾನವಾಗಿದ್ದರೂ, ಆದಾಯದಲ್ಲಿ ಮೇಲಿನ ಶೇಕಡಾ 1ರ ಕುಟುಂಬಗಳ ಮಕ್ಕಳು ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಐವಿ ಲೀಗ್ (ಹಾರ್ವರ್ಡ್, ಯೇಲ್ ಮೊದಲಾದ ಎಂಟು ಹೆಸರಾಂತ ವಿಶ್ವವಿದ್ಯಾಲಯಗಳ ಗುಂಪು) ಮತ್ತು ಅದರ ಸಾಟಿಯ ಕಾಲೇಜುಗಳನ್ನು ಸೇರುತ್ತಾರೆ. ನಮೂನೆಯಲ್ಲಿ ತಂದೆ ತಾಯಿ ಓದಿದ ಕಾಲೇಜನ್ನು ಕೇಳುವ ಸಂಸ್ಥೆಗೆ ಇದು ತಿಳಿಯದ ವಿಷಯವಲ್ಲ. ಲೆಗಸಿ ಇದ್ದವರ, ಅಂದರೆ ಹೆತ್ತವರು ಅದೇ ಕಾಲೇಜಿನಲ್ಲಿ ಓದಿದವರ, ಅಂಕಿಯನ್ನು ಏರಿಸುತ್ತಾರೆ; ಇಲ್ಲದವರ ಅಂಕಿಯನ್ನು ಇಳಿಸುವ ಗೋಜಿಗೆ ಹೋಗಿಲ್ಲ. ಅಂಕಿ ಇಳಿದರೆ ವರದಿ ಕೊಂಡವರಿಗೆ ರುಚಿಸದು ಎಂಬುದು ಇದಕ್ಕೆ ಕಾರಣವಿರಬಹುದು.

ಕೋಷ್ಟಕದ ಕೆಳಗೆ ಹಸಿರು ಪೆಟ್ಟಿಗೆಯೊಳಗೆ ದಪ್ಪಕ್ಷರದಲ್ಲಿ ಮುದ್ರಿಸಿದ ಇನ್ನೊಂದು ಅಂಕಿ ನನ್ನ ದೃಷ್ಟಿಯಲ್ಲಿ ಇಡೀ ವರದಿಯ ಅತ್ಯಂತ ಹಾನಿಕರ ಸಾಲು. ‘ಮೇಲಿನ ಹನ್ನೆರಡು ಕಾಲೇಜುಗಳಲ್ಲಿ ಕನಿಷ್ಠ ಒಂದರಲ್ಲಿ ಪ್ರವೇಶ ದೊರೆಯುವ ಸಾಧ್ಯತೆ: ಶೇಕಡಾ 63.’ ಲೆಕ್ಕ ಬಲ್ಲವರಿಗೆ ಇದರ ಮೂಲ ಕೂಡಲೇ ಗೊತ್ತಾಗುತ್ತದೆ. ಒಂದೊಂದರ ಸಾಧ್ಯತೆ ಸರಾಸರಿ ಶೇಕಡಾ 8 ಎಂದಾದರೆ, ಸಿಗದಿರುವ ಸಾಧ್ಯತೆಯಾದ 0.92ನ್ನು ಹನ್ನೆರಡು ಬಾರಿ ಗುಣಿಸಿ ಒಂದರಿಂದ ಕಳೆದಾಗ ಬರುವ ಉತ್ತರವೇ ಇದು. ದಾಳ ಎಸೆಯುವ ಆಟಕ್ಕೆ ಈ ಗುಣಾಕಾರ ಸರಿ, ಏಕೆಂದರೆ ಒಂದು ಎಸೆತಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲ. ಕಾಲೇಜು ಅರ್ಜಿಯಲ್ಲಿ ಹನ್ನೆರಡು ಕಡೆಗೂ ಹೋಗುವುದು ಅದೇ ಅಂಕಪಟ್ಟಿ, ಅದೇ ಇಬ್ಬರು ಶಿಕ್ಷಕರ ಪತ್ರ, ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಕಳಿಸುವ ಜಾಲತಾಣವಾದ ಕಾಮನ್ ಆ್ಯಪ್‌ನ ಅದೇ 650 ಪದಗಳ ಪ್ರಬಂಧ. ಒಂದು ಕಡೆ ಪತ್ರ ಸಪ್ಪೆ ಎನಿಸಿದರೆ ಉಳಿದ ಹನ್ನೊಂದು ಕಡೆಯೂ ಸಪ್ಪೆ ಎನಿಸುವ ಸಂಭವವೇ ಹೆಚ್ಚು. ಆದ್ದರಿಂದ ನಿಜವಾದ ಒಟ್ಟು ಸಾಧ್ಯತೆ ಆ ಗುಣಾಕಾರದ ಫಲಕ್ಕಿಂತ ಕೆಳಗೇ ಇರುತ್ತದೆ. ಪ್ರತಿಯೊಂದು ಬಿಡಿ ಅಂಕಿಯೂ ಮೊದಲೇ ಉಬ್ಬಿದೆ ಎಂಬುದನ್ನು ಸೇರಿಸಿಕೊಂಡರೆ, 63 ಎಂಬುದು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆಯೋ ಹೇಳಲಾಗದು. ಹದಿನೇಳರ ಹುಡುಗಿಯೊಬ್ಬಳು ಈ ಹಸಿರು ಪೆಟ್ಟಿಗೆಯನ್ನು ಓದಿ, ಕೆಳಗಿನ ಕಾಲೇಜುಗಳ ಪೂರಕ ಪ್ರಬಂಧಗಳನ್ನು ಬೇಕಾಬಿಟ್ಟಿ ಬರೆದರೆ ಅದಕ್ಕೆ ಹೊಣೆ ಯಾರು?

ಅರ್ಲಿ ಡಿಸಿಷನ್ ಬಗ್ಗೆ, ಅಂದರೆ ಸಿಕ್ಕರೆ ಸೇರುತ್ತೇವೆಂದು ಒಪ್ಪಿಕೊಂಡು ಒಂದೇ ಕಾಲೇಜಿಗೆ ಮುಂಗಡವಾಗಿ ಹಾಕುವ ಅರ್ಜಿಯ ಬಗ್ಗೆ, ಕೊಟ್ಟ ಸಲಹೆಯೂ ಅರ್ಧ ಬೆಂದದ್ದು. ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಸಾಮಾನ್ಯ ಸುತ್ತಿನಲ್ಲಿ ಶೇಕಡಾ 9, ಅರ್ಲಿ ಡಿಸಿಷನ್‌ನಲ್ಲಿ ಶೇಕಡಾ 21 ಎಂದು ತೋರಿಸಿ, ಅಲ್ಲಿಗೇ ಅರ್ಜಿ ಹಾಕಿರಿ ಎಂದು ಬರೆದಿದ್ದಾರೆ. ಮುಂಗಡ ಸುತ್ತಿನ ಪ್ರಮಾಣ ಹೆಚ್ಚಾಗಿರುವುದಕ್ಕೆ ಒಂದು ಕಾರಣವೆಂದರೆ ಕ್ರೀಡಾಪಟುಗಳೂ ಲೆಗಸಿ ವಿದ್ಯಾರ್ಥಿಗಳೂ ಆ ಸುತ್ತಿನಲ್ಲೇ ಹೆಚ್ಚಾಗಿ ಬರುವುದು. ಆ ಲಾಭವೆಲ್ಲ ನಮ್ಮ ಮಗುವಿಗೆ ವರ್ಗವಾಗುವುದಿಲ್ಲ. ಸ್ವಲ್ಪ ಅನುಕೂಲವಂತೂ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅದಕ್ಕೆ ತೆರುವ ಬೆಲೆಯನ್ನೂ ಹೇಳಬೇಕು. ಅರ್ಲಿ ಡಿಸಿಷನ್ ಒಪ್ಪಂದಕ್ಕೆ ವಿದ್ಯಾರ್ಥಿ, ಪೋಷಕರು ಮತ್ತು ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಪ್ರವೇಶ ಸಿಕ್ಕರೆ ಉಳಿದ ಅರ್ಜಿಗಳನ್ನು ಹಿಂತೆಗೆದುಕೊಳ್ಳಬೇಕು. ಬೇರೆ ಬೇರೆ ಕಾಲೇಜುಗಳ ನೆರವಿನ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡುವ ಅವಕಾಶ ಉಳಿಯುವುದಿಲ್ಲ. ನಮೂನೆಯಲ್ಲಿ ಆರ್ಥಿಕ ನೆರವು ಬೇಕೆಂದು ಗುರುತು ಹಾಕಿದವರಿಗೂ ಇದೇ ಸಲಹೆಯನ್ನು ಯಥಾವತ್ತಾಗಿ ಕೊಡುವುದು ಬೇಜವಾಬ್ದಾರಿಯ ಕೆಲಸ.

ಇಷ್ಟೆಲ್ಲ ಆಕ್ಷೇಪಗಳ ನಡುವೆಯೂ ಹಣ ಪೋಲಾಯಿತು ಎಂದು ನಾನು ಹೇಳುತ್ತಿಲ್ಲ. ಕೋಷ್ಟಕದಲ್ಲಿ ಕೆಳಕ್ಕೆ ಇಳಿದಂತೆ ವರದಿಯ ಗುಣಮಟ್ಟ ಮೇಲೇರುತ್ತದೆ. ಅರ್ಧದಷ್ಟು ಅರ್ಜಿದಾರರನ್ನೋ ಅದಕ್ಕೂ ಹೆಚ್ಚು ಮಂದಿಯನ್ನೋ ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳಲ್ಲಿ ಜಿಪಿಎ ಮತ್ತು ಪಾಠಕ್ರಮವೇ ಬಹುಪಾಲು ನಿರ್ಣಾಯಕವಾಗಿರುವುದರಿಂದ ಹಿಂದಿನ ವರ್ಷಗಳ ಅಂಕಿಗಳು ಅಲ್ಲಿ ನಿಜವಾಗಿಯೂ ಮಾತಾಡುತ್ತವೆ. ನಾವು ಸೇಫ್ಟಿ (ಖಂಡಿತ ಸಿಗುವಂಥದ್ದು) ಎಂದು ಕಣ್ಣುಮುಚ್ಚಿ ಬರೆದಿದ್ದ ಒಂದು ನೆರೆರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವನ್ನು ವರದಿ ಟಾರ್ಗೆಟ್ (ಸಿಗುವ ಸಾಧ್ಯತೆ ಚೆನ್ನಾಗಿರುವ) ಸಾಲಿನಿಂದಲೂ ಮೇಲಕ್ಕೆ, ರೀಚ್ (ಸಿಗುವುದು ಕಷ್ಟವಾದ) ಸಾಲಿಗೆ ಒಯ್ದಿತ್ತು. ಕಾರಣ ಎರಡು: ನಾವು ಆ ರಾಜ್ಯದ ನಿವಾಸಿಗಳಲ್ಲ, ಮತ್ತು ಮಗಳು ಬಯಸಿದ್ದು ಕಂಪ್ಯೂಟರ್ ಸೈನ್ಸ್. ವಿಶ್ವವಿದ್ಯಾಲಯದ ಒಟ್ಟು ಪ್ರಮಾಣ ಉದಾರವಾಗಿ ಕಂಡರೂ ಈ ವಿಷಯಕ್ಕೆ ನೇರ ಪ್ರವೇಶ ಪಡೆಯುವ ಬಾಗಿಲು ಬಹಳ ಇಕ್ಕಟ್ಟಿನದು ಎಂದು ವರದಿ ಸ್ಪಷ್ಟವಾಗಿ ಬರೆದಿತ್ತು. ಟೆಕ್ಸಸ್‌ನ ಉದಾಹರಣೆಯನ್ನೂ ಅದೇ ಪುಟದಲ್ಲಿ ಕೊಟ್ಟಿದ್ದರು. ಅಲ್ಲಿ 1997ರ ಕಾನೂನು ತರಗತಿಯ ಮೇಲಿನ ಶೇಕಡಾ 10ರೊಳಗಿನ ರಾಜ್ಯದ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ ಕೊಡುತ್ತದೆ. ಆಸ್ಟಿನ್ ಕ್ಯಾಂಪಸ್‌ಗೆ ಮಾತ್ರ ಮಿತಿ ಇನ್ನೂ ಬಿಗಿ, 2026ರ ಶರತ್ಕಾಲದಿಂದ ಮೇಲಿನ ಶೇಕಡಾ 5. ಆದರೆ ಆ ಭರವಸೆ ವಿಶ್ವವಿದ್ಯಾಲಯಕ್ಕೆ ಹೊರತು ಬಯಸಿದ ವಿಷಯಕ್ಕಲ್ಲ. ರಾಜ್ಯ, ವಿಷಯ, ಕ್ಯಾಂಪಸ್ ಈ ಮೂರನ್ನು ಬೇರೆ ಬೇರೆಯಾಗಿ ನೋಡಬೇಕೆಂಬ ಪಾಠಕ್ಕೆ 350 ಡಾಲರ್‌ನಲ್ಲಿ ಅರ್ಧ ಸಂದಾಯವಾಯಿತು ಎಂದುಕೊಳ್ಳುತ್ತೇನೆ.

ಉಳಿದರ್ಧ ಸಂದಾಯವಾದದ್ದು ಮಾತುಕತೆಯ ಗಂಟೆಯಲ್ಲಿ. ಸಲಹೆಗಾರರು ಹಿಂದೆ ಒಂದು ಖಾಸಗಿ ಕಾಲೇಜಿನ ಅಡ್ಮಿಷನ್ ಕಚೇರಿಯಲ್ಲಿ ಅರ್ಜಿಗಳನ್ನು ಓದುತ್ತಿದ್ದವರು. ಶೇಕಡಾ ಅಂಕಿಗಳ ಬಗ್ಗೆ ಕೇಳಿದಾಗ, ‘ಅವು ಸಾಫ್ಟ್‌ವೇರಿನಿಂದ ಬರುತ್ತವೆ, ನಾನು ಅವನ್ನು ನೋಡುವುದಿಲ್ಲ’ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಮಗಳ ಚಟುವಟಿಕೆಗಳ ಪಟ್ಟಿಯನ್ನು ತೆರೆಸಿದರು. ಕಾಮನ್ ಆ್ಯಪ್‌ನಲ್ಲಿ ಒಂದು ಚಟುವಟಿಕೆಯ ವಿವರಣೆಗೆ ಸಿಗುವುದು 150 ಅಕ್ಷರಗಳಷ್ಟು ಜಾಗ. ಏಳನೆಯ ಸ್ಥಾನದಲ್ಲಿ ‘ಲೈಬ್ರರಿ ಸ್ವಯಂಸೇವಕಿ, ಮಕ್ಕಳಿಗೆ ಸಹಾಯ, ಪುಸ್ತಕ ಜೋಡಣೆ’ ಎಂದಿತ್ತು. ಯಾವ ಮಕ್ಕಳು, ಏನು ಸಹಾಯ, ಯಾವ ದಿನ ಎಂದು ಅವರು ಒಂದರ ಹಿಂದೊಂದು ಕೇಳುತ್ತ ಹೋದರು. ಹೊಸದಾಗಿ ದೇಶಕ್ಕೆ ಬಂದ ಕುಟುಂಬಗಳ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಓದಲು ಕಲಿಸುವುದು, ಅದಕ್ಕಾಗಿ ಎರಡು ಭಾಷೆಗಳಲ್ಲಿ ಅಭ್ಯಾಸದ ಹಾಳೆಗಳನ್ನು ತಯಾರಿಸಿದ್ದು, ಆ ಹಾಳೆಗಳನ್ನು ಲೈಬ್ರರಿ ಈಗಲೂ ಹಂಚುತ್ತಿರುವುದು, ಎಲ್ಲವೂ ಆಗ ಹೊರಗೆ ಬಂತು. ಎರಡನೆಯ ಸ್ಥಾನದಲ್ಲಿದ್ದ ಗಣಿತ ಕ್ಲಬ್ಬಿನ ಉಪಾಧ್ಯಕ್ಷ ಪದವಿಗೆ ಇದೇ ಬಗೆಯ ಪ್ರಶ್ನೆ ಕೇಳಿದಾಗ ಮಗಳ ಬಳಿ ಉತ್ತರವಿರಲಿಲ್ಲ. ಎರಡರ ಸ್ಥಾನ ಅದಲುಬದಲಾಯಿತು. ಸಾಫ್ಟ್‌ವೇರ್ ಮಾತ್ರ ಉಪಾಧ್ಯಕ್ಷ ಪದವಿಗೆ ಎರಡನೆಯ ದರ್ಜೆಯನ್ನೂ ಲೈಬ್ರರಿಗೆ ನಾಲ್ಕನೆಯ ದರ್ಜೆಯನ್ನೂ ಕೊಟ್ಟಿತ್ತು. ಒಂದೇ ಸಂಸ್ಥೆಯ ಯಂತ್ರ ಮತ್ತು ಮನುಷ್ಯ ಹೀಗೆ ವಿರುದ್ಧ ದಿಕ್ಕಿಗೆ ತೀರ್ಪು ಕೊಟ್ಟಾಗ ಯಾರನ್ನು ನಂಬಬೇಕೆಂದು ವರದಿಯಲ್ಲಿ ಎಲ್ಲೂ ಬರೆದಿಲ್ಲ, ನಮಗಂತೂ ಗೊಂದಲವಾಗಲಿಲ್ಲ.

ವೆಚ್ಚದ ಅಂಕಣವೇ ಇಲ್ಲದಿರುವುದು ದೊಡ್ಡ ಕೊರತೆ. ಸಿಕ್ಕಿಯೂ ಸೇರಲಾಗದ ಕಾಲೇಜು ಸೇಫ್ಟಿ ಹೇಗಾದೀತು? ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಯೋಜನೆಗಳಲ್ಲಿ ಭಾಗವಹಿಸುವ ಕಾಲೇಜುಗಳು 2011ರಿಂದ ತಮ್ಮ ಜಾಲತಾಣದಲ್ಲಿ, ನೆರವು ಕಳೆದು ಮನೆಯವರು ಕೊಡಬೇಕಾದ ಮೊತ್ತವನ್ನು ಅಂದಾಜಿಸುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇಡುವುದು ಕಡ್ಡಾಯವಾಗಿದೆ. ಅದನ್ನು ತುಂಬಿಸಿ ಬಂದ ಮೊತ್ತವನ್ನು ಕಾಲೇಜಿನ ಹೆಸರಿನ ಪಕ್ಕ ಬರೆದುಕೊಳ್ಳುವುದು ಯಾರಾದರೂ ಒಂದು ಸಂಜೆಯಲ್ಲಿ ಮಾಡಬಹುದಾದ ಕೆಲಸ. ನೆರವು ಕೇಳಿದ್ದನ್ನು ಪ್ರವೇಶ ನಿರ್ಣಯದಲ್ಲಿ ಗಮನಿಸುವ ಕಾಲೇಜುಗಳೂ ಇವೆ, ಗಮನಿಸದವೂ ಇವೆ. ಆ ಭೇದವನ್ನೂ ವರದಿ ಕಾಣಿಸಿಲ್ಲ.

ಹಣ ಕೊಡದೆ ಇದೇ ಕೆಲಸವನ್ನು ಮಾಡಿಕೊಳ್ಳಲು ಸಾಧ್ಯವೇ ಎಂದರೆ, ಮುಕ್ಕಾಲು ಪಾಲು ಸಾಧ್ಯ. ಬಹುತೇಕ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆಯನ್ನು ಪ್ರಕಟಿಸುತ್ತವೆ. ಅದರ ಸಿ7 ಎಂಬ ಭಾಗದಲ್ಲಿ ಪಾಠಕ್ರಮದ ಕಠಿಣತೆ, ಪ್ರಬಂಧ, ಶಿಫಾರಸು, ಲೆಗಸಿ, ವಾಸದ ರಾಜ್ಯ, ಕಾಲೇಜಿನ ಬಗ್ಗೆ ತೋರಿಸಿದ ಆಸಕ್ತಿ ಮುಂತಾದ ಒಂದೊಂದಕ್ಕೂ ಕಾಲೇಜೇ ಕೈಯಾರೆ ‘ಬಹಳ ಮುಖ್ಯ’ದಿಂದ ‘ಪರಿಗಣಿಸುವುದಿಲ್ಲ’ದವರೆಗೆ ಗುರುತು ಹಾಕಿರುತ್ತದೆ. ವೇಯ್ಟ್‌ಲಿಸ್ಟಿನಿಂದ ಎಷ್ಟು ಮಂದಿಯನ್ನು ತೆಗೆದುಕೊಂಡರು, ಅರ್ಲಿ ಡಿಸಿಷನ್‌ನಲ್ಲಿ ಎಷ್ಟು ಅರ್ಜಿ ಬಂತು ಎಂಬ ಲೆಕ್ಕವೂ ಆ ದಾಖಲೆಯಲ್ಲೇ ಇದೆ. ಇನ್ನು ನಿಮ್ಮ ಶಾಲೆ ನೇವಿಯನ್ಸ್ ಅಥವಾ ಸ್ಕಾಯರ್ ಎಂಬ ಕಾಲೇಜು ಮಾರ್ಗದರ್ಶನದ ತಂತ್ರಾಂಶವನ್ನು ಬಳಸುತ್ತಿದ್ದರೆ, ಅದೇ ಶಾಲೆಯಿಂದ ಹಿಂದೆ ಹೋದವರ ಜಿಪಿಎ ಮತ್ತು ಪರೀಕ್ಷಾಂಕಗಳನ್ನು ಚುಕ್ಕೆಗಳಾಗಿ ತೋರಿಸುವ ನಕ್ಷೆ ಸಿಗುತ್ತದೆ. ಒಂದೇ ಶಾಲೆ, ಒಂದೇ ಅಂಕಪದ್ಧತಿ ಆದ್ದರಿಂದ ಆ ಚುಕ್ಕೆಗಳು ದೇಶದ ಸರಾಸರಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಅಲ್ಲಿಯೂ ಕ್ರೀಡಾಪಟುವಿನ ಚುಕ್ಕೆಗೆ ಬೇರೆ ಬಣ್ಣವಿರುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಈ ಸೇವೆಯನ್ನು ಯಾರು ಕೊಳ್ಳಬೇಕು? ಶಾಲೆಯ ಕೌನ್ಸೆಲರ್ ಮೇಲೆ ನೂರಾರು ವಿದ್ಯಾರ್ಥಿಗಳ ಭಾರವಿದ್ದು ಹದಿನೈದು ನಿಮಿಷದ ಭೇಟಿಯೂ ದುರ್ಲಭವಾಗಿರುವವರಿಗೆ, ಮನೆಯಲ್ಲಿ ಮೊದಲ ಮಗು ಕಾಲೇಜಿಗೆ ಹೊರಟಿರುವವರಿಗೆ, ಪಟ್ಟಿಯಲ್ಲಿ ಬೇರೆ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು ಹಲವು ಇರುವವರಿಗೆ ಇದು ಉಪಯುಕ್ತ. ಹನ್ನೊಂದನೆಯ ತರಗತಿಯ ವಸಂತದಲ್ಲಿ ಕೊಂಡರೆ ಪಟ್ಟಿಯನ್ನು ತಿದ್ದಲು ಸಮಯವಿರುತ್ತದೆ. ಮುಂಗಡ ಅರ್ಜಿಯ ನವೆಂಬರ್ 1ರ ಗಡುವು ಕಣ್ಣೆದುರಿರುವಾಗ ಕೊಂಡರೆ ಆತಂಕವಷ್ಟೇ ಕೈಗೆ ಬರುತ್ತದೆ. ಕೊಂಡವರು ಮೊದಲು ಕೋಷ್ಟಕದ ಕೊನೆಯ ಸಾಲುಗಳನ್ನು ಓದಿ ಮೇಲಕ್ಕೆ ಬರಲಿ, ಮತ್ತು ಆ ಗಂಟೆಯ ಮಾತುಕತೆಯಲ್ಲಿ ಹೆತ್ತವರು ಆದಷ್ಟು ಬಾಯಿ ಮುಚ್ಚಿಕೊಂಡು ಮಗುವಿಗೆ ಮಾತಾಡಲು ಬಿಡಲಿ.

ಕೊನೆಯದಾಗಿ ಗ್ರಾಹಕರಾಗಿ ಗಮನಿಸಬೇಕಾದ ಎರಡು ವಿಷಯಗಳಿವೆ. ವರದಿ ಬಂದ ವಾರದಿಂದಲೇ ಸಂಪೂರ್ಣ ಸಲಹಾ ಪ್ಯಾಕೇಜಿಗೆ ಸೇರಿರೆಂಬ ಇಮೇಲ್‌ಗಳು ಆರಂಭವಾಗುತ್ತವೆ, ಅವುಗಳ ಜೊತೆ ‘ನಿಮ್ಮ ಸಾಧ್ಯತೆಯನ್ನು ಏರಿಸಿಕೊಳ್ಳಿ’ ಎಂಬ ಹೊಸ ಶೇಕಡಾ ಅಂಕಿಗಳೂ ಬರುತ್ತವೆ. ಪ್ರವೇಶವನ್ನು ಖಾತರಿಪಡಿಸುವ ಧಾಟಿಯ ಮಾತು ಯಾರ ಬಾಯಿಂದ ಬಂದರೂ ಅಲ್ಲಿಗೆ ವ್ಯವಹಾರ ನಿಲ್ಲಿಸುವುದು ಕ್ಷೇಮ. ಇನ್ನೊಂದು, ಮಗುವಿನ ಅಂಕಪಟ್ಟಿ, ಜನ್ಮದಿನಾಂಕ, ಮನೆಯ ಆದಾಯದ ವಿವರ ಇವೆಲ್ಲ ಅವರ ಕಡತದಲ್ಲಿ ಉಳಿದುಕೊಳ್ಳುತ್ತವೆ. ಖಾತೆಯ ಪುಟದಲ್ಲಿ ಅಳಿಸುವ ಗುಂಡಿ ಇಲ್ಲ. ಬೆಂಬಲ ವಿಭಾಗಕ್ಕೆ ಇಮೇಲ್ ಬರೆದು, ಅಂಕಪಟ್ಟಿಯ ಪ್ರತಿಯೂ ಸೇರಿ ಎಲ್ಲವನ್ನೂ ತೆಗೆದುಹಾಕಬೇಕೆಂದು ಸ್ಪಷ್ಟವಾಗಿ ಕೇಳಿದರೆ ಅಳಿಸಿ, ಅಳಿಸಿದ್ದಕ್ಕೆ ಲಿಖಿತ ಉತ್ತರವನ್ನೂ ಕಳಿಸುತ್ತಾರೆ.